ಬಾಗಿ ಕೂರುವವರು

ಮಾರ್ಚ್ 4, ಬುಧವಾರ

ಪ್ರೀತಿಯ ಗುಂಡನಿಗೆ ಅಕ್ಕನ ಆಶೀರ್ವಾದಗಳು.

‘ಉಭಯ ಕುಶಲೋಪರಿ’ ಎಂದು ಬರೆಯಲು ಕೈ ತಾನಾಗಿಯೇ ಹೋಯಿತು, ತಡೆದು ನಿಲ್ಲಿಸಿದೆ. ನಿಮ್ಮ ಮನೆಯ ಕುಶಲದ ಬಗ್ಗೆ ನನಗೆ ಅನುಮಾನವಿಲ್ಲ. ಈ ಕಡೆಯದನ್ನು ಹೇಳಲಿಕ್ಕೇ ಈ ಕಾಗದ. ತಡವಾಯಿತು ಎಂದು ಮುಖ ಊದಿಸಿಕೊಳ್ಳಬೇಡ. ಕಳೆದ ತಿಂಗಳು ಮೂರು ಸಲ ಬರೆಯಲು ಕೂತೆ. ಮೂರು ಸಲವೂ ‘ನಾವೆಲ್ಲ ಆರಾಮ’ ಎಂದು ಶುರುಮಾಡಿ, ಮುಂದಿನ ಸಾಲು ಹೊಳೆಯದೆ ಹರಿದು ಹಾಕಿದೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಿನ್ನ ಜೊತೆ ಒಂದು ಮಾತನ್ನು ಕೊನೆ ಮುಟ್ಟಿಸಲು ನನ್ನಿಂದ ಈವರೆಗೆ ಆಗಿಲ್ಲ. ನಾನು ಅರ್ಧ ಹೇಳುವಷ್ಟರಲ್ಲಿ ನೀನು ಯಾವುದೋ ಕಟ್ಟಡದ ಲಿಫ್ಟ್ ರಿಪೇರಿಗೆ ಗುಂಡಿಯೊಳಕ್ಕೆ ಇಳಿದಿರುತ್ತೀಯ. ‘ಅಕ್ಕಾ, ಸಿಗ್ನಲ್ ಹೋಗತ್ತೆ, ಆಮೇಲೆ ಮಾಡ್ತೀನಿ’ ಎನ್ನುತ್ತೀಯ. ಆ ಆಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಆ ಹೊಟ್ಟೆನೋವು ಬಂತು. ಈ ಸಲ ಒಂಬತ್ತು ದಿನ ಆಸ್ಪತ್ರೆ. ನಿನಗೆ ತಿಳಿಸಬೇಡಿ ಎಂದು ನಿನ್ನ ಭಾವನಿಂದ ಮಾತು ತೆಗೆದುಕೊಂಡಿದ್ದೆ, ಅವರ ಮೇಲೆ ಹರಿಹಾಯಬೇಡ. ಬಿಡುಗಡೆಯ ದಿನ ನಮ್ಮ ಮಾಮೂಲಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಒಳ್ಳೆಯ ಸುದ್ದಿಯಲ್ಲ ಎಂದು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ. ‘ನನ್ನ ಕೈಲಿದ್ದ ಮಾತ್ರೆಗಳೆಲ್ಲ ಮುಗೀತಮ್ಮ. ಇನ್ನು ಸರ್ಜನ್ ಹತ್ರ ಮಾತಾಡಿ’ ಎಂದರು.

ಸರ್ಜನ್ ಮೇಡಂ ನನಗಿಂತ ಒಂದು ಗೇಣು ಕುಳ್ಳಿ, ವಯಸ್ಸಿನಲ್ಲೂ ಚಿಕ್ಕವರು. ನನ್ನ ರಿಪೋರ್ಟಿನ ಹಿಂಬದಿಗೆ ಪೆನ್ಸಿಲಿನಲ್ಲಿ ಚಿತ್ರ ಬರೆದು ತೋರಿಸಿದರು. ನಿನ್ನ ಭಾವ ಭೂಗೋಳದ ಮೇಷ್ಟ್ರಲ್ಲವೆ, ‘ಇದರಲ್ಲಿ ಉತ್ತರ ಯಾವ ಕಡೆ?’ ಎಂದು ಕೇಳಿಯೇಬಿಟ್ಟರು. ಮೇಡಂ ನಗಲಿಲ್ಲ, ಮೇಲಕ್ಕೊಂದು ಬಾಣ ಹಾಕಿ ‘ತಲೆ ಈ ಕಡೆ’ ಎಂದರು. ಆಗಲೇ ನನಗೆ ಅವರು ಇಷ್ಟವಾದರು. ಜಠರದ ಹಿಂದೆ ಅಡ್ಡಕ್ಕೆ ಮಲಗಿರುವ ಈ ಮೇದೋಜೀರಕ ಗ್ರಂಥಿ ಅನ್ನ ಅರಗಿಸುವ ರಸವನ್ನೂ ಮಾಡುತ್ತದೆ, ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡುವ ಇನ್ಸುಲಿನ್ನನ್ನೂ ಮಾಡುತ್ತದೆ. ನನ್ನದು ರಸವನ್ನು ಹೊರಗೆ ಬಿಡಲಾರದೆ ತನ್ನನ್ನೇ ಅರಗಿಸಿಕೊಳ್ಳುತ್ತಿದೆಯಂತೆ. ನಾಳದ ತುಂಬ ಕಲ್ಲು.

ಮಾಡುವುದಾದರೆ ಎರಡು ದಾರಿ. ನಾಳವನ್ನು ಸೀಳಿ ಕಲ್ಲು ತೆಗೆದು ಕರುಳಿಗೆ ಜೋಡಿಸುವುದು ಒಂದು. ಇಲ್ಲದಿದ್ದರೆ ಇಡೀ ಗ್ರಂಥಿಯನ್ನೇ ತೆಗೆದು, ಅದರಲ್ಲಿ ಇನ್ಸುಲಿನ್ ಮಾಡುವ ಕಣಗಳನ್ನು ಮಾತ್ರ ಬೇರ್ಪಡಿಸಿ ಯಕೃತ್ತಿಗೆ ಸೇರಿಸುವುದು. ಅಲ್ಲಿ ಅವು ನೆಲೆ ನಿಂತರೆ ಪುಣ್ಯ, ನಿಲ್ಲದಿದ್ದರೆ ಬದುಕಿರುವವರೆಗೆ ದಿನವೂ ಸೂಜಿ. ಊಟ ಅರಗಲು ತುತ್ತಿಗೆ ಮೊದಲು ಮಾತ್ರೆ ಹೇಗಿದ್ದರೂ ತಪ್ಪದು. ಹತ್ತು ಗಂಟೆಯ ಕೆಲಸ. ಯಾವ ದಾರಿ ಎಂಬುದು ಒಂದು ರಕ್ತಪರೀಕ್ಷೆಯ ಮೇಲೆ ನಿಂತಿದೆ; ಇದು ಹುಟ್ಟಿನಿಂದ ಬಂದದ್ದೋ ಅಲ್ಲವೋ ಎಂದು ಅದರಲ್ಲಿ ಗೊತ್ತಾಗುತ್ತದಂತೆ. ಮೂರು ವಾರ ಕಾಯಬೇಕು.

‘ಏನೂ ಬೇಡ ಅಂದ್ರೆ?’ ಎಂದು ಕೇಳಿದೆ. ‘ಹೀಗೇ ಇರಬಹುದು. ನೋವೂ ಹೀಗೇ ಇರತ್ತೆ. ಮುಂದೆ ಕ್ಯಾನ್ಸರಿಗೆ ತಿರುಗೋ ಭಯಾನೂ ಇರತ್ತೆ. ತೀರ್ಮಾನ ನಿಮ್ಮದು’ ಎಂದರು. ತೀರ್ಮಾನ ನಿಮ್ಮದು ಎಂದು ಹೇಳುವುದು ಎಷ್ಟು ಸುಲಭ! ಸೀರೆಯ ಬಣ್ಣ ಆರಿಸಲು ನನಗೆ ಅರ್ಧ ದಿನ ಬೇಕು ಎಂದು ನಗುವವನು ನೀನೇ ಅಲ್ಲವೆ?

ಈ ಕಾಯಿಲೆಯವರನ್ನು ಮೊಟ್ಟಮೊದಲು ಕೇಳುವ ಪ್ರಶ್ನೆ ನಿನಗೆ ಗೊತ್ತೇ ಇದೆ. ‘ಕುಡೀತೀರಾ?’ ಹತ್ತೊಂಬತ್ತನೇ ವಯಸ್ಸಿನಿಂದ ಕೇಳಿಸಿಕೊಂಡಿದ್ದೇನೆ. ನಿನ್ನ ಭಾವನಿಗೆ ಈಗಲೂ ಕೋಪಕ್ಕೆ ಮೂಗಿನ ತುದಿ ಕೆಂಪಾಗುತ್ತದೆ. ನನಗೆ ಅಭ್ಯಾಸವಾಗಿದೆ, ‘ಕಾಫಿ, ದಿನಕ್ಕೆರಡು ಲೋಟ’ ಎಂದೆ. ಮೇಡಂ ಮುಂದೆ ಕೇಳಿದರು, ‘ಮನೇಲಿ ಬೇರೆ ಯಾರಿಗಾದ್ರೂ?’

‘ಅಪ್ಪನಿಗಿತ್ತು. ಆದರೆ ಅವರು ಕುಡೀತಿದ್ರು’ ಎಂದೆ.

‘ನೀವು ನೋಡಿದೀರಾ, ಕುಡಿಯೋದನ್ನ?’

‘ನೋಡಿಲ್ಲ. ವಾಸನೆ ಬರ್ತಿತ್ತು. ಮನೇಲಿ ಎಲ್ಲರಿಗೂ ಗೊತ್ತಿತ್ತು’ ಎಂದೆ. ಅವರು ಏನೋ ಬರೆದುಕೊಂಡರು.

ಅಪ್ಪನ ಸುದ್ದಿ ತೆಗೆದರೆ ನೀನು ಕಾಗದ ಮಡಚಿಡುತ್ತೀಯ ಎಂದು ಗೊತ್ತು, ಮಡಚಬೇಡ. ಅವರು ಹೋದಾಗ ನಿನಗೆ ಮೂರು ವರ್ಷ. ನಿನ್ನ ಪಾಲಿಗೆ ಅವರು ಅಮ್ಮ ಹೇಳಿದ ಮಾತುಗಳು, ಅಷ್ಟೆ. ಅವರು ಪಾಲಿಶ್ ಹಾಕಿದ ಮೇಜು ಕುರ್ಚಿಗಳನ್ನು ಇವತ್ತಿಗೂ ಹೊಗಳುವವರಿದ್ದಾರೆ. ಹೊಗಳಿ ಮುಗಿಸಿ, ‘ಆದರೆ’ ಎಂದು ನಿಲ್ಲಿಸುತ್ತಾರೆ. ಆ ‘ಆದರೆ’ಯನ್ನು ಕೇಳಿ ಕೇಳಿ ನೀನು ಮದುವೆಮನೆಯಲ್ಲಿ ಸೋಡಾ ಕೊಟ್ಟರೂ ಮೂಸಿ ನೋಡುವವನಾದೆ.

ಇನ್ನೊಂದು ತಮಾಷೆ ಹೇಳುತ್ತೇನೆ. ಮುಂದಕ್ಕೆ ಬಾಗಿ ಕೂತರೆ ಈ ನೋವು ಸ್ವಲ್ಪ ಹಿಡಿತಕ್ಕೆ ಬರುತ್ತದೆ. ಗ್ರಂಥಿಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂದರು ಮೇಡಂ. ನನ್ನ ಕೆಲಸವೋ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟುವುದು. ಬಾಗದೆ ಆಗುವ ಕೆಲಸವಲ್ಲ. ಇಪ್ಪತ್ತಮೂರು ವರ್ಷ ಹಾಗೆ ಬಾಗಿಯೇ ಕೂತಿದ್ದೇನೆ, ಒಬ್ಬರಿಗೂ ಅನುಮಾನ ಬರಲಿಲ್ಲ. ಎಲ್ಲರೂ ಕಾಫಿಗೆ ಎದ್ದು ಹೋದರೂ ನಾನು ಏಳುತ್ತಿರಲಿಲ್ಲ. ಎದ್ದರೆ ನೆಟ್ಟಗೆ ನಿಲ್ಲಬೇಕಲ್ಲ. ಹಿಂದಿನ ವರ್ಷ ನಮ್ಮ ಗ್ರಂಥಪಾಲಕರು ಸಭೆಯಲ್ಲಿ ‘ತಲೆ ಎತ್ತದೆ ದುಡಿಯೋರು ಅಂದ್ರೆ ಇವರು’ ಎಂದು ಹೇಳಿ ಪ್ರಶಸ್ತಿಪತ್ರ ಕೊಟ್ಟರು. ಹೊಟ್ಟೆನೋವಿಗೆ ಚೌಕಟ್ಟು ಹಾಕಿಸಿಕೊಂಡು ಬಂದವಳು ನಾನೊಬ್ಬಳೇ ಇರಬೇಕು. ಅದನ್ನು ಗೋಡೆಗೆ ತೂಗುಹಾಕಿದ್ದಾರೆ ನಿನ್ನ ಭಾವ, ನನಗೆ ನೋಡಿದಾಗಲೆಲ್ಲ ನಗು ಬರುತ್ತದೆ.

ನೀನು ಏನು ಹೇಳುತ್ತೀಯ? ಯೋಚಿಸಿ ಬರೆ. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಎಲ್ಲರೂ ತಣ್ಣಗಿರಿ.

ನಿನ್ನ ಅಕ್ಕ

ಪುನಶ್ಚ: ನಮ್ಮ ಗುಬ್ಬಿಗೆ ಒಂದು ನೋಟ್‌ಬುಕ್ಕು ಕೈಯಲ್ಲೇ ಹೊಲಿದು ಇದರ ಜೊತೆ ಕಳಿಸಿದ್ದೇನೆ. ಒಂಬತ್ತು ವರ್ಷದ ನಿನ್ನ ಮಗಳು ಏನು ಬೇಕಾದರೂ ಬರೆದುಕೊಳ್ಳಲಿ, ನೀನು ತೆರೆದು ನೋಡಬಾರದು.

*

ಮಾರ್ಚ್ 27, ಶುಕ್ರವಾರ

ಪ್ರೀತಿಯ ಗುಂಡ,

ಚೆನ್ನಾಗಿರು. ನಿನ್ನ ಕಾಗದ ಬಂದು ಹತ್ತು ದಿನವಾಯಿತು, ಉತ್ತರ ತಡವಾದದ್ದಕ್ಕೆ ಕಾರಣ ಕೆಳಗಿದೆ. ಲಿಫ್ಟ್ ತಪಾಸಣೆಯ ಫಾರಮಿನ ಬೆನ್ನಿಗೆ ಬರೆದಿದ್ದೀಯ. ತಿರುಗಿಸಿದರೆ ‘ಬ್ರೇಕ್: ಸರಿ ಇದೆ, ಹಗ್ಗ: ಸರಿ ಇದೆ’ ಎಂದು ನಿನ್ನದೇ ಸಹಿ. ಅದನ್ನು ಓದಿ ನನಗೆ ಧೈರ್ಯ ಬಂದಷ್ಟು ನಿನ್ನ ಕಾಗದ ಓದಿ ಬರಲಿಲ್ಲ.

ಕೊಯ್ಯಿಸಿಕೊಳ್ಳಬೇಡ ಎಂದು ಬರೆದಿದ್ದೀಯ. ‘ಒಂದು ಸಲ ಪೂರ್ತಿ ಬಿಚ್ಚಿದ ಮೆಷೀನು ಮೊದಲಿನ ಥರ ಕೂರಲ್ಲ ಅಕ್ಕಾ, ನಾನು ದಿನಾ ನೋಡ್ತೀನಿ’ ಎಂದಿದ್ದೀಯ. ನಿನ್ನ ಕೆಲಸ ನಿನಗೆ ಕಲಿಸಿದ್ದು ಅದು. ನನ್ನ ಕೆಲಸದಲ್ಲಿ ಹಾಗಲ್ಲ. ಹೊಲಿಗೆ ಕೊಳೆತ ಪುಸ್ತಕಕ್ಕೆ ಮೇಲಿಂದ ಮೇಲೆ ಅಂಟು ಬಳಿದರೆ ಹಾಳೆಗಳು ಇನ್ನಷ್ಟು ಬಿಗಿದು ಮುರಿಯುತ್ತವೆ, ಪೂರ್ತಿ ಬಿಚ್ಚಲೇಬೇಕು. ಹಾಗೆಂದು ನಾನು ಪುಸ್ತಕವಲ್ಲ, ನೀನು ಹೇಳುವ ಲಿಫ್ಟೂ ಅಲ್ಲ. ಆದ್ದರಿಂದ ಈ ವಾದದಲ್ಲಿ ಇಬ್ಬರೂ ಗೆದ್ದಿಲ್ಲ ಎಂದಿಟ್ಟುಕೊಳ್ಳೋಣ.

ಇದೇ ಆಪರೇಷನ್ ಮಾಡಿಸಿಕೊಂಡವರ ಜೊತೆ ಮಾತಾಡಬೇಕು ಎಂದು ಮೇಡಮ್ಮಿನ ಹತ್ತಿರ ಕೇಳಿದ್ದೆ. ಅವರು ಒಬ್ಬ ಕ್ಷೌರಿಕರ ನಂಬರು ಕೊಟ್ಟರು. ನಾಲ್ಕು ವರ್ಷದ ಹಿಂದೆ ಇಡೀ ಗ್ರಂಥಿ ತೆಗೆಸಿಕೊಂಡವರು. ಬಸ್‌ಸ್ಟ್ಯಾಂಡಿನ ಹಿಂದೆ ಎರಡು ಕುರ್ಚಿಯ ಅಂಗಡಿ. ಮಂಗಳವಾರ ಇಬ್ಬರೂ ಹೋದೆವು. ಕ್ಷೌರದಂಗಡಿಯಲ್ಲಿ ಸುಮ್ಮನೆ ಕೂರುವುದು ಹೇಗೆ ಎಂದು ಸಂಕೋಚಪಟ್ಟು ನಿನ್ನ ಭಾವ ಕುರ್ಚಿ ಏರಿದರು. ಇರುವ ನಾಲ್ಕು ಕೂದಲನ್ನು ಆ ಮನುಷ್ಯ ಮುಕ್ಕಾಲು ಗಂಟೆ ಕತ್ತರಿಸಿದರು, ನಮ್ಮ ಮಾತು ಮುಗಿಯಬೇಕಲ್ಲ.

‘ನೋವು ಹೋಯ್ತಾ?’ ಎಂದು ಮೊದಲು ಕೇಳಿದೆ.

‘ಹೋಯ್ತು. ಆದ್ರೆ ಹೋದದ್ದು ನಂಬೋಕೆ ಮೂರು ತಿಂಗಳು ಬೇಕಾಯ್ತು. ಬೆಳಿಗ್ಗೆ ಎದ್ದು ಎಲ್ಲೋಯ್ತು ಅಂತ ಹುಡುಕ್ತಿದ್ದೆ’ ಎಂದರು.

ಬಾಚಣಿಗೆ, ಕತ್ತರಿಗಳ ನಡುವೆ ಒಂದು ತಗಡಿನ ಡಬ್ಬಿ ಇತ್ತು. ತೆರೆದು ತೋರಿಸಿದರು: ಇನ್ಸುಲಿನ್ ಪೆನ್ನು, ಸಕ್ಕರೆ ನೋಡುವ ಮಷೀನು, ಮಾತ್ರೆ, ನಾಲ್ಕು ಮಿಠಾಯಿ. ಅವರ ಕಣಗಳು ಪೂರ್ತಿ ನೆಲೆ ನಿಲ್ಲಲಿಲ್ಲವಂತೆ, ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತಾರೆ. ಒಂದು ದಿನ ಗಿರಾಕಿಯ ಗಡ್ಡಕ್ಕೆ ಕತ್ತಿ ಇಟ್ಟಿರುವಾಗಲೇ ಸಕ್ಕರೆ ಇಳಿದು ಕಣ್ಣು ಕತ್ತಲಾಗಿ ಕುಸಿದರಂತೆ. ‘ಆತನಿಗೆ ಒಂದು ಗೀರೂ ಆಗ್ಲಿಲ್ಲ. ನನ್ನ ಮುಖಕ್ಕೆ ನೀರು ಹಾಕಿ ಎಬ್ಬಿಸಿದ್ದೂ ಆತನೇ, ಅರ್ಧ ಗಡ್ಡದಲ್ಲಿ’ ಎಂದು ನಕ್ಕರು. ನಿನ್ನ ಭಾವ ಆಗ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ.

ಹೊರಡುವಾಗ, ‘ಮತ್ತೆ ಕೇಳಿದ್ರೆ ಮಾಡಿಸ್ಕೋತೀರಾ?’ ಎಂದೆ. ಅವರು ಬಟ್ಟೆ ಝಾಡಿಸಿ ಮಡಚಿಟ್ಟರು. ‘ಮಾಡಿಸ್ಕೋತೀನಿ. ಆದ್ರೆ ಇದು ಗುಣ ಆಗೋದಲ್ಲಮ್ಮ. ಒಂದು ಕಾಯಿಲೆ ಕೊಟ್ಟು ಇನ್ನೊಂದು ತಗೊಳ್ಳೋದು. ನನಗೆ ಈ ಕಾಯಿಲೆ ಜೊತೆ ಮಾತಾಡ್ಕೊಂಡಿರೋಕೆ ಆಗತ್ತೆ. ಅದರ ಜೊತೆ ಆಗ್ತಿರಲಿಲ್ಲ’ ಎಂದರು. ಇಷ್ಟು ಪ್ರಾಮಾಣಿಕವಾಗಿ ನನ್ನ ಜೊತೆ ಯಾರೂ ಈವರೆಗೆ ಮಾತಾಡಿರಲಿಲ್ಲ.

ಈಗ ತಡವಾದ ಕಾರಣ. ರಕ್ತಪರೀಕ್ಷೆಯ ಫಲಿತಾಂಶ ನಿನ್ನೆ ಬಂತು. ಇದು ಹುಟ್ಟಿನಿಂದಲೇ ಬಂದದ್ದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬರುತ್ತದಂತೆ. ಅಮ್ಮ ಕೊನೆಯವರೆಗೂ ಕಲ್ಲು ತಿಂದು ಅರಗಿಸಿಕೊಳ್ಳುವಂತಿದ್ದಳು, ಹೊಟ್ಟೆ ನೋವು ಎಂದು ಒಂದು ದಿನ ಮಲಗಿದವಳಲ್ಲ. ಅಂದಮೇಲೆ ಅಪ್ಪನಿಂದ. ‘ಕುಡಿದ್ರೂ ಬರತ್ತೆ, ಕುಡೀದಿದ್ರೂ ಬರತ್ತೆ. ಇದಕ್ಕೆ ಕುಡಿತ ಬೇಕಾಗೇ ಇಲ್ಲ’ ಎಂದರು ಮೇಡಂ. ಆ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ, ಅದರ ಬಗ್ಗೆ ಇವತ್ತು ಬೇಡ.

ಹೀಗಾಗಿ ಅರ್ಧಂಬರ್ಧದ ದಾರಿ ಮುಚ್ಚಿತು. ಸ್ವಲ್ಪ ಉಳಿಸಿದರೆ ಉಳಿದದ್ದೂ ಇದೇ ಬುದ್ಧಿ ಕಲಿಯುತ್ತದೆ. ಮಾಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಏಪ್ರಿಲ್ ಇಪ್ಪತ್ತಕ್ಕೆ ಜಾಗ ಖಾಲಿ ಇದೆ, ಹತ್ತನೇ ತಾರೀಕಿನೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ನನಗೆ ಭಯವಾಗುತ್ತಿದೆ, ಗುಂಡ. ನೋವಿನ ಭಯ ಅಲ್ಲ, ಅದು ಹಳೆಯ ಬಾಡಿಗೆದಾರ. ಹತ್ತು ಗಂಟೆ ನಾನು ಎಲ್ಲಿರುತ್ತೇನೆ, ಎದ್ದಮೇಲೆ ಇವಳು ನಾನೇ ಹೌದೋ ಅಲ್ಲವೋ ಎಂಬ ಭಯ.

ಇದನ್ನೆಲ್ಲ ಪಕ್ಕಕ್ಕಿಡು. ನಿನ್ನ ಕಾಗದದ ಕೊನೆಯಲ್ಲಿ ಹೀಗೆ ಬರೆದಿದ್ದೀಯ: ‘ಗುಬ್ಬಿಗೆ ನೋಟ್‌ಬುಕ್ ಇಷ್ಟ ಆಯ್ತು. ಈಗೀಗ ಅವಳು ಒಳ್ಳೆ ನಾಟಕ ಕಲಿತಿದಾಳೆ. ಪರೀಕ್ಷೆ ಬಂದ್ರೆ ಹೊಟ್ಟೆನೋವು. ಸೋಫಾ ಮೇಲೆ ಮಂಡಿ ಮಡಚಿ, ದಿಂಬು ತಬ್ಬಿಕೊಂಡು, ಮುಂದಕ್ಕೆ ಬಾಗಿ ಕೂತುಬಿಡ್ತಾಳೆ.’

ನೀನು ತಮಾಷೆಗೆ ಬರೆದಿದ್ದೀಯ. ನಾನು ಆ ಸಾಲನ್ನು ನಾಲ್ಕು ಸಲ ಓದಿದೆ. ನಾಟಕ ಆಡುವ ಮಕ್ಕಳು ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಾರೆ, ಅತ್ತು ರಂಪ ಮಾಡುತ್ತಾರೆ. ಹೀಗೆ ಬಾಗಿ ಕೂರಬೇಕೆಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ನಿನಗೂ ಅವಳಿಗೂ ಈ ಪರೀಕ್ಷೆ ಮಾಡಿಸಬೇಕು ಎಂದು ಮೇಡಂ ಕೂಡ ಹೇಳಿದ್ದಾರೆ. ನಿನಗೆ ನೋವು ಬಂದಿಲ್ಲ ಎಂದಮಾತ್ರಕ್ಕೆ ನಿನ್ನಲ್ಲಿ ಇಲ್ಲವೆಂದಲ್ಲವಂತೆ; ಕೆಲವರಲ್ಲಿ ಸುಮ್ಮನೆ ಕೂತು ಮಕ್ಕಳಿಗೆ ದಾಟುತ್ತದಂತೆ. ದಯವಿಟ್ಟು ಕರೆದುಕೊಂಡು ಹೋಗು. ಇದನ್ನು ಓದಿದ ದಿನವೇ ಹೋಗು.

ನಿನಗೆ ಒಳ್ಳೆಯದಾಗಲಿ. ಮಗುವಿನ ತಲೆ ನೇವರಿಸಿ ಅತ್ತೆ ಕೇಳಿದಳು ಎಂದು ಹೇಳು.

ನಿನ್ನ ಅಕ್ಕ

ಪುನಶ್ಚ: ನಿನ್ನ ಭಾವನ ತಲೆ ನೋಡಿ ಶಾಲೆಯ ಮಕ್ಕಳು ‘ಸಾರ್, ಗ್ಲೋಬ್’ ಎಂದರಂತೆ. ಮನೆಗೆ ಬಂದು ಬೇಸರದಲ್ಲಿ ಹೇಳಿದರು, ನಾನು ನಕ್ಕು ನಕ್ಕು ನೋವು ಬರಿಸಿಕೊಂಡೆ.

*

ಏಪ್ರಿಲ್ 19, ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಂಡ,

ನಿನಗೂ ನಿನ್ನವರಿಗೂ ಸಕಲ ಸುಖ ಬಯಸುವ ಅಕ್ಕನಾದ ನಾನು ಆಸ್ಪತ್ರೆಯ ಮೂರನೇ ಮಹಡಿಯಿಂದ ಬರೆಯುತ್ತಿದ್ದೇನೆ. ಇಲ್ಲಿಯ ಲಿಫ್ಟು ಪ್ರತಿ ಮಹಡಿಗೂ ಒಮ್ಮೆ ನಿಟ್ಟುಸಿರು ಬಿಡುತ್ತದೆ. ನೀನಿದ್ದಿದ್ದರೆ ನನ್ನನ್ನು ನೋಡುವ ಮೊದಲು ಅದರ ಬಾಗಿಲು ಬಿಚ್ಚಿ ಕೂರುತ್ತಿದ್ದೆ.

ಹೂಂ ಎಂದಿದ್ದೇನೆ. ನಾಳೆ ಬೆಳಿಗ್ಗೆ ಏಳಕ್ಕೆ.

ಒಂಬತ್ತನೇ ತಾರೀಕಿನವರೆಗೂ ನನಗೆ ಗೊತ್ತಿರಲಿಲ್ಲ. ಅವತ್ತು ಕೆಲಸದ ಕೋಣೆಯಲ್ಲಿ ಸೂಜಿ ದಾರ ಪಕ್ಕಕ್ಕಿಟ್ಟು, ಕುರ್ಚಿಗೆ ಒರಗಿ, ಬೆನ್ನು ನೆಟ್ಟಗೆ ಮಾಡಿ, ಗೋಡೆ ಗಡಿಯಾರ ನೋಡುತ್ತ ಕೂತೆ. ಎಷ್ಟು ಹೊತ್ತು ಹಾಗೆ ಕೂರಬಲ್ಲೆ ಎಂದು ನೋಡಬೇಕಿತ್ತು. ಹನ್ನೊಂದು ನಿಮಿಷ. ಆಮೇಲೆ ಬೆವರು ಇಳಿದು ಮತ್ತೆ ಮೇಜಿನ ಮೇಲೆ ಬಾಗಿದೆ. ಗ್ರಂಥಪಾಲಕರು ಬಾಗಿಲಲ್ಲಿ ಇಣುಕಿ, ‘ಸ್ವಲ್ಪನಾದ್ರೂ ರೆಸ್ಟ್ ತಗೊಳ್ಳಿ ಅಮ್ಮಾ’ ಎಂದು ಹೋದರು. ಈಗಷ್ಟೇ ಹನ್ನೊಂದು ನಿಮಿಷ ತೆಗೆದುಕೊಂಡದ್ದು ಆ ರೆಸ್ಟನ್ನೇ ಎಂದು ಅವರಿಗೆ ಹೇಗೆ ಹೇಳಲಿ?

ಹಾಗೆ ಬಾಗಿದಾಗ ಗುಬ್ಬಿ ಕಣ್ಣಿಗೆ ಕಟ್ಟಿದಳು. ದಿಂಬು, ಸೋಫಾ, ಮಡಚಿದ ಮಂಡಿ. ಅವಳಿಗೆ ಈ ಕಾಯಿಲೆ ಇಲ್ಲದೆ ಇರಲಿ, ನನ್ನ ಆಯುಷ್ಯದಲ್ಲಿ ಉಳಿದದ್ದೆಲ್ಲ ಕೊಟ್ಟು ಬೇಡಿಕೊಳ್ಳುತ್ತೇನೆ. ಆದರೆ ಇದ್ದರೆ, ಇದರಿಂದ ಎದ್ದುಬಂದು ನೆಟ್ಟಗೆ ಕೂತವರು ನಮ್ಮ ಮನೆಯಲ್ಲಿ ಒಬ್ಬರಾದರೂ ಇದ್ದಾರೆ ಎಂದು ಅವಳು ನೋಡಬೇಕು. ನಾನು ನೋಡಿದ್ದು ಅಪ್ಪ ಒಬ್ಬರನ್ನೇ, ಅವರು ಎದ್ದುಬರಲಿಲ್ಲ. ಹತ್ತನೇ ತಾರೀಕು ಬೆಳಿಗ್ಗೆ ಮೇಡಮ್ಮಿಗೆ ಫೋನು ಮಾಡಿದೆ. ‘ಗಟ್ಟಿ ಮನಸ್ಸು ಮಾಡಿದೀರಾ?’ ಎಂದರು. ‘ಮೆತ್ತಗೇ ಇದೆ, ಆದ್ರೆ ಮಾಡಿದೀನಿ’ ಎಂದೆ.

ನಿನ್ನ ನಾಲ್ಕು ಸಾಲಿನ ಕಾಗದ ಕೈಸೇರಿತು. ‘ಕುಡುಕನ ಕಾಯಿಲೇನ ನನ್ನ ಮಗಳ ಹೊಟ್ಟೆಗೆ ಅಂಟಿಸಬೇಡ. ಆ ಮನುಷ್ಯ ನಮಗೆ ಮಾಡಿದ್ದು ಸಾಕು. ಪರೀಕ್ಷೆ ಗಿರೀಕ್ಷೆ ಏನೂ ಮಾಡಿಸಲ್ಲ. ಸ್ಕೂಲು ತಪ್ಪಿಸೋಕೆ ಅವಳು ಸುಳ್ಳು ಹೇಳ್ತಿದಾಳೆ, ಅಷ್ಟೆ.’ ನನಗೆ ಕೋಪ ಬರಲಿಲ್ಲ. ನಿನಗೂ ಭಯವಾಗಿದೆ ಎಂದು ಗೊತ್ತಾಯಿತು. ಭಯವಾದಾಗ ಗದರುವುದು ಮೂರನೇ ವರ್ಷದಿಂದಲೂ ನಿನ್ನ ಅಭ್ಯಾಸ.

ಇಲ್ಲಿ ಎಲ್ಲ ಸುಸೂತ್ರ. ಹಾಸಿಗೆ ಕಿಟಕಿಯ ಪಕ್ಕದ್ದು, ಎದುರಿಗೆ ಒಂದು ಶಾಲೆಯ ಮೈದಾನ ಕಾಣುತ್ತದೆ. ಪಕ್ಕದ ಮಂಚದ ಅಜ್ಜಿ ನನ್ನ ಹೊಟ್ಟೆಯಿಂದ ಏನೇನು ತೆಗೆಯುತ್ತಾರೆ ಎಂದು ಕೇಳಿ ಕೇಳಿ ಬೆರಳಲ್ಲಿ ಎಣಿಸಿದರು, ‘ಅಷ್ಟೆಲ್ಲ ತೆಗೆದ್ರೆ ಒಳ್ಳೇದೇ ಆಯ್ತು ಬಿಡು, ಹಗುರ ಆಗ್ತೀಯ’ ಎಂದರು. ಅರ್ಧ ಹೊಲಿದ ಒಂದು ನಿಘಂಟು ಕೆಲಸದ ಮೇಜಿನ ಮೇಲಿದೆ. ಹಾಳೆಗಳ ಹನ್ನೆರಡು ಕಂತೆ ಹೊಲಿದಾಗಿದೆ, ಇನ್ನು ಒಂಬತ್ತು ಬಾಕಿ. ಬೇರೆಯವರು ಮುಟ್ಟಬಾರದು ಎಂದು ಚೀಟಿ ಅಂಟಿಸಿ ಬಂದಿದ್ದೇನೆ. ಹೊಲಿಯಲು ಬಾಕಿ ಇದ್ದರೆ ವಾಪಸು ಹೋಗಲೇಬೇಕಾಗುತ್ತದೆ ಎಂದು ಒಂದು ಲೆಕ್ಕಾಚಾರ.

ನಿನ್ನ ಭಾವ ಕೆಳಗೆ ಔಷಧಿ ತರಲು ಹೋಗಿದ್ದಾರೆ. ಇವತ್ತು ಬೆಳಿಗ್ಗೆಯಿಂದ ಮೂರು ಸಲ ನನ್ನ ಚಪ್ಪಲಿಯನ್ನು ಮಂಚದ ಕೆಳಗೆ ಜೋಡಿಸಿಟ್ಟರು, ಜೋಡಿಸಿದ್ದನ್ನೇ. ಅವರಿಗೆ ಫೋನು ಮಾಡು. ಏನೂ ಮಾತಾಡದಿದ್ದರೂ ಪರವಾಗಿಲ್ಲ, ಲಿಫ್ಟಿನ ವಿಷಯ ಹೇಳು, ಅವರು ಕೇಳಿಸಿಕೊಳ್ಳುತ್ತಾರೆ.

ನೀನು ನೂರ್ಕಾಲ ಬಾಳು. ನಿನ್ನ ಸಂಸಾರ ನಗುನಗುತ್ತಿರಲಿ. ನಾನು ಎತ್ತಿ ಆಡಿಸಿದ ಹುಡುಗ ಒಳ್ಳೆಯ ತಂದೆಯಾಗಿದ್ದಾನೆ ಎಂಬುದು ನನಗೆ ಯಾವಾಗಲೂ ಹೆಮ್ಮೆ.

ನಿನ್ನ ಅಕ್ಕ

ಪುನಶ್ಚ: ಸಹಿ ಹಾಕಿ ಲಕೋಟೆ ಮುಚ್ಚಲು ಹೊರಟಿದ್ದೆ. ಅಷ್ಟರಲ್ಲಿ ನರ್ಸ್ ಬಂದು ಸೂಜಿ ಹಾಕಲು ಮುಂಗೈಗೆ ಸ್ಪಿರಿಟ್ ಉಜ್ಜಿದಳು. ಆ ವಾಸನೆ ಬಂದಮೇಲೆ ಮುಚ್ಚಲಾಗಲಿಲ್ಲ.

ಅಪ್ಪ ಕುಡಿಯುತ್ತಿದ್ದರು ಎಂದು ನಿನಗೆ ಹೇಳಿದವಳು ಅಮ್ಮ. ಅಮ್ಮನಿಗೆ ಹೇಳಿದವಳು ನಾನು.

ಪಾಲಿಶ್ ಕೆಲಸದವರು ಮರಕ್ಕೆ ಬಳಿಯುವ ಅರಗನ್ನು ಕರಗಿಸುವ ಸ್ಪಿರಿಟನ್ನೇ ಕದ್ದು ಕುಡಿಯುತ್ತಾರೆ ಎಂದು ಯಾರೋ ಅಮ್ಮನ ಕಿವಿಗೆ ಹಾಕಿದ್ದರು. ಅಪ್ಪ ಹೊಟ್ಟೆ ಹಿಡಿದುಕೊಂಡು ಕೂರಲು ಶುರುಮಾಡಿದ ಮೇಲೆ ಆ ಮಾತು ಅವಳ ತಲೆಯಿಂದ ಇಳಿಯಲಿಲ್ಲ. ಸಂಜೆ ಅಪ್ಪ ಬಂದ ಕೂಡಲೇ ನಾನು ಓಡಿಹೋಗಿ ತಬ್ಬಿಕೊಳ್ಳುತ್ತಿದ್ದೆ. ಆಮೇಲೆ ಅಮ್ಮ ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳುತ್ತಿದ್ದಳು, ‘ವಾಸನೆ ಬಂತಾ?’ ಬರುತ್ತಿತ್ತು, ಗುಂಡ. ದಿನವೂ ಬರುತ್ತಿತ್ತು. ಅಂಗಿಯಿಂದ, ಅಂಗೈಯಿಂದ, ತಲೆಗೂದಲಿನಿಂದ. ಬಾಯಿಂದಲೋ ಎಂದು ಅಮ್ಮ ಕೇಳಲಿಲ್ಲ. ಅದು ಬೇರೆ, ಇದು ಬೇರೆ ಎಂದು ಹತ್ತು ವರ್ಷದ ನನಗೆ ಹೊಳೆಯಲಿಲ್ಲ. ‘ಬಂತು’ ಎನ್ನುತ್ತಿದ್ದೆ.

ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ದಿನ ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಅಪ್ಪ ‘ಇಲ್ಲ’ ಎಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ‘ದಿನಾ ವಾಸನೆ ಬರತ್ತೆ’ ಎಂದೆ. ಡಾಕ್ಟರು ಅಪ್ಪನ ಕಡೆ ತಿರುಗಿ, ‘ಹಾಗಾದ್ರೆ ಈ ಮಗು ಸುಳ್ಳು ಹೇಳ್ತಿದೆಯಾ?’ ಎಂದರು. ಅಪ್ಪ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು. ಹಾಗೇ ತಲೆ ಎತ್ತಿ ನನ್ನನ್ನು ನೋಡಿದರು. ಅದು ಪಾಲಿಶಿನ ವಾಸನೆ ಎಂದು ಹೇಳಬಹುದಿತ್ತು. ಹೇಳಿ ಹೇಳಿ ಸಾಕಾಗಿತ್ತೋ, ನಾನು ಅಷ್ಟು ಜನರ ಮುಂದೆ ಸುಳ್ಳುಗಾತಿ ಆಗಬಾರದು ಎಂದುಕೊಂಡರೋ, ನನಗೆ ಗೊತ್ತಿಲ್ಲ. ‘ಇಲ್ಲ ಡಾಕ್ಟ್ರೇ. ನನ್ನ ಮಗಳು ಸುಳ್ಳು ಹೇಳಲ್ಲ’ ಎಂದರು.

ಕುಡಿತ ಬಿಟ್ಟರೆ ತಾನಾಗಿ ಸರಿಹೋಗುತ್ತದೆ ಎಂದು ಅವರನ್ನು ಮನೆಗೆ ಕಳಿಸಿದರು. ಅದೇ ವಾರ ಅಮ್ಮ ನಮ್ಮಿಬ್ಬರನ್ನು ಕರೆದುಕೊಂಡು ದೊಡ್ಡಮ್ಮನ ಮನೆಗೆ ಹೊರಟಳು. ಎಂಟು ತಿಂಗಳ ಮೇಲೆ ಅಪ್ಪ ತಾವು ಕೆಲಸ ಮಾಡುತ್ತಿದ್ದ ಮೇಜು ಕುರ್ಚಿ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಒಬ್ಬರೇ ತೀರಿಕೊಂಡರು.

ನನಗೆ ಗೊತ್ತಾದದ್ದು ನಿನ್ನೆ ಮೊನ್ನೆಯಲ್ಲ. ಲೈಬ್ರರಿಗೆ ಸೇರಿದ ವರ್ಷ ಕಪಾಟುಗಳಿಗೆ ಪಾಲಿಶ್ ಹಾಕಲು ಒಬ್ಬರು ಬಂದಿದ್ದರು. ಇಡೀ ಕೋಣೆಯಲ್ಲಿ ಅಪ್ಪನ ವಾಸನೆ. ನಾನು ಹೊರಗೆ ಓಡಿಹೋಗಿ ಮೆಟ್ಟಿಲ ಮೇಲೆ ಕೂತೆ. ಆದರೂ ಬಾಯಿ ಬಿಡಲಿಲ್ಲ. ತಾನು ಮಾಡಿದ್ದು ಸರಿ ಎಂದುಕೊಂಡೇ ಅಮ್ಮ ನಮ್ಮನ್ನು ಸಾಕಿದಳು, ಅದನ್ನು ಅವಳಿಂದ ಕಿತ್ತುಕೊಳ್ಳಲು ಧೈರ್ಯ ಬರಲಿಲ್ಲ. ಅವಳು ಹೋಗಿ ಮೂರು ವರ್ಷವಾದರೂ ನಿನಗೆ ಹೇಳಲಿಲ್ಲ. ಮೊನ್ನೆ ಮೇಡಮ್ಮಿನ ಮುಂದೆ ಕೂಡ ‘ಕುಡೀತಿದ್ರು’ ಎಂದೇ ಬಾಯಿಗೆ ಬಂತು ನೋಡು. ಅವರು ಒಂದು ಹನಿಯೂ ಮುಟ್ಟಿರಲಿಲ್ಲ ಎಂದು ಯಾವ ರಿಪೋರ್ಟಿನಲ್ಲೂ ಬರೆದಿರುವುದಿಲ್ಲ. ಆದರೆ ಅವರು ಕುಡಿದದ್ದನ್ನು ಕಂಡವರು ಯಾರೂ ಇಲ್ಲ, ಗುಂಡ. ಇದ್ದ ಸಾಕ್ಷಿ ನನ್ನ ಮೂಗು ಒಂದೇ.

ನನ್ನನ್ನು ಬೈಯುವುದಿದ್ದರೆ ನಾನು ಎದ್ದಮೇಲೆ ಬಂದು ಎದುರಿಗೇ ಬೈ. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಗುಬ್ಬಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಈ ಮಗುವಿಗೆ ನಿಜವಾಗಿಯೂ ನೋವಿದೆಯಾ ಎಂದು ಅವರು ನಿನ್ನನ್ನು ಕೇಳಿದರೆ, ಅವತ್ತು ಅಪ್ಪ ನನ್ನ ಬಗ್ಗೆ ಹೇಳಿದ ಮಾತನ್ನೇ ಹೇಳು.